ಸಾಮೂಹಿಕ ಸೈಕಲ್ ಸವಾರಿಗೆ ಶುಲ್ಕ ಕಟ್ಟುವ ಮುನ್ನ: ಮಂಗಳೂರಿನ ಒಂದು ಕಹಿ ಅನುಭವ

ಮಳೆಗಾಲ ಮುಗಿಯುತ್ತಿದ್ದಂತೆ ಕರಾವಳಿಯಲ್ಲಿ ಸಾಮೂಹಿಕ ಸೈಕಲ್ ಸವಾರಿಗಳ ಜಾಹೀರಾತುಗಳು ಬರತೊಡಗುತ್ತವೆ. ಮಂಗಳೂರಿನಲ್ಲಿ ನಡೆದ ಅಂಥ ಒಂದು ಸವಾರಿಯಲ್ಲಿ ನಾನೂ ನನ್ನ ಸೋದರಳಿಯನೂ ಪಾಲ್ಗೊಂಡಿದ್ದೆವು. ಅವನು ಕಾಲರ್ ಮೂಳೆ ಮುರಿದುಕೊಂಡು ಮನೆಗೆ ಬಂದ. ಸೈಕಲ್ ತುಳಿಯುವವರು ಎಂದಾದರೊಮ್ಮೆ ಬೀಳುವವರೇ, ಅದಕ್ಕೆ ದೂರು ಹೇಳಲಾಗದು. ಆದರೆ ಸಾವಿರ ರೂಪಾಯಿಗೂ ಮೀರಿದ ಶುಲ್ಕ ಪಡೆದ ಸಂಘಟಕರು ಭರವಸೆ ಕೊಟ್ಟಿದ್ದ ವಾಹನಮುಕ್ತ ರಸ್ತೆ, ವೈದ್ಯಕೀಯ ನೆರವು ಮತ್ತು ವಿಮೆ, ಈ ಮೂರರಲ್ಲಿ ಒಂದೂ ನಾವು ತಿಳಿದುಕೊಂಡಂತೆ ಇರಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಸವಾರಿಯ ಹಿಂದಿನ ದಿನ ಸೈಕಲ್ ಪ್ರದರ್ಶನವಿತ್ತು. ಸವಾರರು ಧರಿಸುವ ಸಂಖ್ಯೆಯ ಚೀಟಿಯಾದ ಬಿಬ್ ಅನ್ನು ಅಲ್ಲಿಗೇ ಬಂದು ಪಡೆಯಬೇಕು, ಮರುದಿನ ಬೆಳಿಗ್ಗೆ ಕೊಡುವುದಿಲ್ಲ ಎಂಬ ನಿಯಮದಿಂದಾಗಿ ಉಡುಪಿ, ಕುಂದಾಪುರ ಕಡೆಯವರು ಮುಂಚಿತವಾಗಿ ಬಂದು ಲಾಡ್ಜ್ ಹಿಡಿಯಬೇಕಾಯಿತು. ಬಿಬ್ ಕೌಂಟರ್ ಎಲ್ಲ ಮಳಿಗೆಗಳ ಆಚೆಯ ತುದಿಯಲ್ಲಿತ್ತು. ಅದು ವ್ಯಾಪಾರದ ಜಾಣತನ, ಇರಲಿ. ರಿಯಾಯಿತಿ ದರದಲ್ಲಿ ರಾಶಿ ಹಾಕಿದ್ದ ಹೆಲ್ಮೆಟ್‌ಗಳಲ್ಲಿ ನಾನು ತಿರುಗಿಸಿ ನೋಡಿದ ಯಾವುದರ ಒಳಗೂ ಯುರೋಪಿನ ಇಎನ್ 1078 ಸುರಕ್ಷತಾ ಮಾನದಂಡದ ಗುರುತಾಗಲಿ ಅಮೆರಿಕದ ಸಿಪಿಎಸ್‌ಸಿ ಗುರುತಾಗಲಿ ಇರಲಿಲ್ಲ. ಇನ್ನು ‘ಉಚಿತ ತಪಾಸಣೆ’ಯ ಮಳಿಗೆಯಲ್ಲಿ ಸೋದರಳಿಯನ ಸೈಕಲ್ಲಿನ ಮುಂದಿನ ಚಕ್ರವನ್ನು ಕಳಚಿ ಜೋಡಿಸಿದ ಹುಡುಗ, ಚಕ್ರವನ್ನು ಹಿಡಿದಿಡುವ ಕ್ವಿಕ್ ರಿಲೀಸ್ ಲಿವರನ್ನು ಬಿಗಿಯಾಗಿ ಮಡಚಿ ಮುಚ್ಚುವ ಬದಲು ನಟ್ಟಿನಂತೆ ಸುಮ್ಮನೆ ತಿರುಗಿಸಿ ಬಿಟ್ಟಿದ್ದ. ರಾತ್ರಿ ಅದು ನಮ್ಮ ಕಣ್ಣಿಗೆ ಬಿದ್ದದ್ದು ಪುಣ್ಯ. ಪ್ರದರ್ಶನದಲ್ಲಿ ಯಾರ ಕೈಗೆ ಸೈಕಲ್ ಕೊಟ್ಟರೂ ಮರಳಿ ಪಡೆದ ಮೇಲೆ ಚಕ್ರ, ಬ್ರೇಕ್, ಹ್ಯಾಂಡಲ್‌ಗಳನ್ನು ನೀವೇ ಒಮ್ಮೆ ಅಲುಗಾಡಿಸಿ ನೋಡಿ.

ಉದ್ದದ ವಿಭಾಗದ ಮಾರ್ಗ ಲಾಲ್‌ಬಾಗ್‌ನಿಂದ ಲೇಡಿಹಿಲ್, ಕೊಟ್ಟಾರ ಚೌಕಿ, ಕೂಳೂರು, ಪಣಂಬೂರು ದಾಟಿ ಸುರತ್ಕಲ್ ಕಡೆಗೆ ಹೋಗಿ ಮರಳುವಂಥದ್ದು. ಅಂದರೆ ಬಹುಪಾಲು ರಾಷ್ಟ್ರೀಯ ಹೆದ್ದಾರಿ 66. ಬಂದರಿನ ಲಾರಿಗಳಿಗೂ ತೈಲ ಮತ್ತು ಅನಿಲ ಟ್ಯಾಂಕರ್‌ಗಳಿಗೂ ಭಾನುವಾರವೆಂಬ ಬಿಡುವಿಲ್ಲ. ಜಾಹೀರಾತಿನಲ್ಲಿ ‘ಪೊಲೀಸ್ ಅನುಮತಿ ಇದೆ’ ಎಂದು ದೊಡ್ಡದಾಗಿ ಬರೆದಿತ್ತು. ಕಾರ್ಯಕ್ರಮ ನಡೆಸಲು ಅನುಮತಿ ಕೊಡುವುದೇ ಬೇರೆ, ವಾಹನಗಳನ್ನು ತಡೆದು ಬೇರೆ ದಾರಿಗೆ ತಿರುಗಿಸಲು ಆದೇಶ ಹೊರಡಿಸುವುದೇ ಬೇರೆ. ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಮೋಟಾರು ವಾಹನಗಳ ಕಾಯ್ದೆ, 1988ರ 115ನೇ ಕಲಮಿನಲ್ಲಿದೆ. ನಗರದಲ್ಲಿ ದೊಡ್ಡ ಮೆರವಣಿಗೆ, ಉತ್ಸವಗಳಿದ್ದಾಗ ಹೊರಡುವ ಸಂಚಾರ ಮಾರ್ಪಾಡಿನ ಆದೇಶವನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತೇವೆ. ಈ ಸವಾರಿಗೆ ಅಂಥ ಆದೇಶ ಎಲ್ಲಿಯೂ ಕಾಣಲಿಲ್ಲ. ನಮಗೆ ಸಿಕ್ಕಿದ್ದು ಕೆಲವು ವೃತ್ತಗಳಲ್ಲಿ ಸೀಟಿ ಊದುವ ಸ್ವಯಂಸೇವಕರು ಮಾತ್ರ.

ತೆರೆದ ರಸ್ತೆಯಲ್ಲಿ ಸೈಕಲ್ ತುಳಿಯುವುದು ತಪ್ಪಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ ಬ್ರೆವೆ ಎಂಬ ದೂರದ ಸವಾರಿಗಳು ತೆರೆದ ರಸ್ತೆಯಲ್ಲೇ ನಡೆಯುತ್ತವೆ. ಅಲ್ಲಿ ನಿಮ್ಮ ಸುರಕ್ಷತೆ ನಿಮ್ಮದೇ ಹೊಣೆ ಎಂಬುದು ಬಂದವರಿಗೆಲ್ಲ ಗೊತ್ತಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಮಕ್ಕಳ ಸೈಕಲ್, ಗೇರಿಲ್ಲದ ಸೈಕಲ್, ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ ಹೋಗುವ ರೋಡ್ ಬೈಕ್ ಎಲ್ಲವನ್ನೂ ಒಂದೇ ಸೀಟಿಗೆ ಬಿಟ್ಟರು. 1978ರಲ್ಲಿ ಆರಂಭವಾದ ಕೇಪ್‌ಟೌನ್‌ನ 109 ಕಿಲೋಮೀಟರ್ ಸವಾರಿಯಲ್ಲಿ ಜನರನ್ನು ವೇಗಕ್ಕೆ ತಕ್ಕಂತೆ ತಂಡಗಳಾಗಿ ವಿಂಗಡಿಸಿ, ನಡುವೆ ಅಂತರವಿಟ್ಟು, ವಾಹನಗಳಿಲ್ಲದ ರಸ್ತೆಗೆ ಬಿಡುತ್ತಾರೆ. ತಂಡ ವಿಂಗಡಿಸಲು ಹೆಚ್ಚಿನ ಹಣವೇನೂ ಬೇಕಿಲ್ಲ, ಒಂದಷ್ಟು ಹಗ್ಗ ಮತ್ತು ಗಡಿಯಾರ ಸಾಕು.

ಆಗಬಾರದ್ದು ಕೂಳೂರು ಸೇತುವೆಗೆ ಮುಂಚೆ ಆಯಿತು. ದಾರಿ ಇಕ್ಕಟ್ಟಾಗುವ ಆ ಜಾಗದಲ್ಲಿ ಲಾರಿಯೊಂದು ಎಡಕ್ಕೆ ಸರಿಯಿತು, ಮುಂದಿದ್ದವರು ಒಮ್ಮೆಲೇ ಬ್ರೇಕ್ ಹಿಡಿದರು, ಹಿಂದಿದ್ದವರು ಒಬ್ಬರ ಮೇಲೊಬ್ಬರು ಉರುಳಿದರು. ಇದ್ದ ಒಂದೇ ಆಂಬುಲೆನ್ಸ್ ಹೊರಟ ಜಾಗದಲ್ಲೇ ನಿಂತಿತ್ತು. ಬಿಬ್ ಮೇಲೆ ಮುದ್ರಿಸಿದ್ದ ತುರ್ತು ಸಂಖ್ಯೆಗೆ ಕರೆ ಮಾಡಿದರೆ ಎತ್ತುವವರಿರಲಿಲ್ಲ. ಸೋದರಳಿಯನನ್ನು ಆಸ್ಪತ್ರೆಗೆ ಕರೆದೊಯ್ದವರು ಕೂಳೂರಿನ ಆಟೊ ಚಾಲಕರೊಬ್ಬರು, ಬಾಡಿಗೆ ಕೊಡಹೋದರೆ ಬೇಡವೆಂದರು.

ನಿಜವಾದ ಮೋಸ ತಿಳಿದದ್ದು ಬಿಲ್ಲು ಬಂದ ನಂತರ. ‘ವಿಮೆ ಸೇರಿದೆ’ ಎಂಬ ಮಾತನ್ನು ನಂಬಿ ಪಾಲಿಸಿಯ ಪ್ರತಿ ಕೇಳಿದಾಗ, ಅದು ಸಾರ್ವಜನಿಕ ಹೊಣೆಗಾರಿಕೆ ವಿಮೆ ಎಂಬ ಉತ್ತರ ಬಂತು. ಸಂಘಟಕರ ತಪ್ಪಿನಿಂದ ಬೇರೆಯವರಿಗೆ ಹಾನಿಯಾಗಿ, ಅದರ ಹೊಣೆ ಕಾನೂನಿನಂತೆ ಸಂಘಟಕರ ಮೇಲೆ ಬಂದಾಗ ಅವರನ್ನು ಕಾಪಾಡುವ ವಿಮೆಯದು. ಸವಾರ ಬಿದ್ದರೆ ಅವನಿಗೇ ಹಣ ಸಿಗಲು ಪ್ರತಿಯೊಬ್ಬರ ಹೆಸರಿನಲ್ಲಿ ವೈಯಕ್ತಿಕ ಅಪಘಾತ ವಿಮೆ ಇರಬೇಕು, ಅದರಲ್ಲೂ ಆಸ್ಪತ್ರೆ ವೆಚ್ಚ ಸೇರಿದೆಯೇ ಎಂದು ನೋಡಬೇಕು, ಏಕೆಂದರೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕಷ್ಟೇ ಪರಿಹಾರ ಕೊಡುವ ಪಾಲಿಸಿಗಳೂ ಇವೆ. ನೋಂದಣಿಯ ವೇಳೆ ಮೊಬೈಲಿನಲ್ಲಿ ಒಪ್ಪಿಗೆ ಒತ್ತಿಸಿಕೊಂಡ ಪತ್ರವನ್ನು ಮುಂದಿಟ್ಟು, ಎಲ್ಲ ಅಪಾಯಕ್ಕೂ ನೀವೇ ಹೊಣೆ ಎಂದು ಸಂಘಟಕರು ಕೈತೊಳೆದುಕೊಂಡರು.

ಹಣ ಕಟ್ಟುವ ಮೊದಲು ಪಾಲಿಸಿಯ ಪ್ರತಿಯನ್ನೂ ಸಂಚಾರ ಆದೇಶದ ವಿವರವನ್ನೂ ಇಮೇಲ್‌ನಲ್ಲಿ ಕೇಳಿ. ಫೋನಿನ ಮಾತಿಗೆ ಬೆಲೆಯಿಲ್ಲ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ಅದರ ಒಕ್ಕಣೆ ಬದಲಾಗಬಹುದು. ನಮ್ಮ ವಿಷಯದಲ್ಲಿ ಬದಲಾಯಿತು. ಬಿದ್ದರೆ 108ಕ್ಕೆ ನೀವೇ ಕರೆ ಮಾಡಿ. ಆಸ್ಪತ್ರೆಯಲ್ಲಿ ಇದು ರಸ್ತೆ ಅಪಘಾತವೆಂದು ಹೇಳಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಲು ಕೇಳಿ, ಬಿಬ್ ಮತ್ತು ಮೂಲ ಬಿಲ್ಲುಗಳನ್ನು ಜೋಪಾನ ಮಾಡಿ. ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇವೆ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವರಿದ್ದೇವೆ. ಅದೇ ಬೆಳಿಗ್ಗೆ ಗಾಯಗೊಂಡ ಇತರರು ತಮ್ಮ ದಾಖಲೆಗಳನ್ನು ಎಸೆಯದೆ ಇಟ್ಟುಕೊಂಡಿದ್ದರೆ, ಅವರೂ ಪ್ರತ್ಯೇಕವಾಗಿ ದೂರು ಕೊಡುವುದು ಒಳ್ಳೆಯದು.