ಹಳೇ ಬುಲೆಟ್ಟಿನ ಪ್ರೈಮರಿಗೆ ಯಾವ ಆಯಿಲ್, ಗೇರ್ ಬಾಕ್ಸಿಗೆ ಯಾವುದು? ನಾನು ಹಾಕಿ ನೋಡಿದ್ದು

ಇದು ಕಾಸ್ಟ್ ಐರನ್ ಇಂಜಿನ್ನಿನ, ಬಲಗಾಲಲ್ಲಿ ಗೇರ್ ಹಾಕುವ ಹಳೇ 350 ಬುಲೆಟ್ಟಿನ ಮಾತು. ಆಮೇಲೆ ಬಂದ ಯುಸಿಇ (ಇಂಜಿನ್, ಗೇರ್ ಬಾಕ್ಸ್ ಎರಡೂ ಒಂದೇ ಕವಚದೊಳಗಿರುವ) ಗಾಡಿಗಳಲ್ಲಿ ಇಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್, ಹಾಗಾಗಿ ಅವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಗಾಡಿಯಲ್ಲಿ ಮೂರೂ ಬೇರೆ ಬೇರೆ. ಎಡಗಡೆ ಪ್ರೈಮರಿ, ಅಂದರೆ ಇಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಮುಟ್ಟಿಸುವ ಭಾಗ, ಅದರೊಳಗೆ ಡಬಲ್ ಚೈನು, ಕ್ಲಚ್ಚು, ಆಲ್ಟರ್ನೇಟರ್. ಹಿಂದೆ ಆಲ್ಬಿಯನ್ ಅನ್ನುವ ಇಂಗ್ಲಿಷ್ ಕಂಪನಿಯ ವಿನ್ಯಾಸದ ನಾಲ್ಕು ಗೇರಿನ ಬಾಕ್ಸು. ಒಂದೇ ಡಬ್ಬ ತಂದು ಎರಡಕ್ಕೂ ಸುರಿಯುವವರು ತುಂಬಾ ಜನ. ನಾನೂ ಹಾಗೇ ಮಾಡುತ್ತಿದ್ದೆ.

ಆದರೆ ಈ ಎರಡು ಜಾಗ ಕೇಳುವುದು ಒಂದಕ್ಕೊಂದು ಉಲ್ಟಾ. ಕ್ಲಚ್ ಪ್ಲೇಟುಗಳು ಒಂದನ್ನೊಂದು ಕಚ್ಚಿ ಹಿಡಿಯಬೇಕು, ಅಲ್ಲಿ ಜಾರುವಿಕೆ ಜಾಸ್ತಿಯಾದರೆ ಕೆಲಸ ಕೆಟ್ಟಿತು. ಗೇರಿನ ಹಲ್ಲುಗಳಿಗೆ ಮಾತ್ರ ಗಟ್ಟಿ ಪದರ ಬೇಕು, ಎಷ್ಟು ಒತ್ತಿದರೂ ಹರಿಯದ ಪದರ. ಇಷ್ಟು ತಲೆಗೆ ಹೋದ ಮೇಲೆ ಅರ್ಧ ಗೊಂದಲ ಕಡಿಮೆಯಾಯಿತು.

ಪ್ರೈಮರಿಗೆ ನಾನು ಮೂರು ಹಾಕಿ ನೋಡಿದೆ. ಮೊದಲನೆಯದು ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್. ಅದು ಇಂಧನ ಉಳಿಸುವ ಬಗೆಯದು, ಘರ್ಷಣೆ ಕಡಿಮೆ ಮಾಡುವ ಮದ್ದು ಅದರಲ್ಲಿ ಸೇರಿಸಿರುತ್ತಾರೆ. ನಾನು ಡಬ್ಬದ ಹಿಂದೆ ಓದಲಿಲ್ಲ, ತಪ್ಪು ನನ್ನದೇ. ಮೂರು ವಾರ ಚೆನ್ನಾಗಿಯೇ ಓಡಿತು. ಆಮೇಲೆ ಉಜಿರೆಯಿಂದ ಚಾರ್ಮಾಡಿ ಹತ್ತುವಾಗ ಹಿಂದೆ ತಮ್ಮ ಕೂತಿದ್ದ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಏಳುತ್ತಿಲ್ಲ. ತಿರುವುಗಳಲ್ಲಿ ಅವನನ್ನು ಇಳಿಸಿ ನಡೆಸಿಕೊಂಡೇ ಕೊಟ್ಟಿಗೆಹಾರ ಮುಟ್ಟಿದೆ. ಪ್ಲೇಟು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ನೋಡಿದರೂ ಪೂರ್ತಿ ಸರಿಹೋಗಲಿಲ್ಲ, ಕೊನೆಗೆ ಹೊಸ ಸೆಟ್ಟೇ ಹಾಕಿಸಬೇಕಾಯಿತು.

ಆಮೇಲೆ 20ಡಬ್ಲ್ಯೂ-50 (ಇದು ಆಯಿಲಿನ ದಪ್ಪ ಹೇಳುವ ನಂಬರು) ಬೈಕಿನ ಮಿನರಲ್ ಆಯಿಲ್. ಡಬ್ಬದ ಮೇಲೆ ಜಾಸೋ (ಜಪಾನಿನ ವಾಹನ ಮಾನದಂಡ) ಎಂಎ ಅಥವಾ ಎಂಎ2 ಅಂತ ಇರಬೇಕು, ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುತ್ತದೆ ಅಂತ ಅದರ ಅರ್ಥ. ಎಂಬಿ ಅಂತಿದ್ದರೆ ಅದು ಸ್ಕೂಟರಿನಂಥ ಗಾಡಿಗಳಿಗೆ, ತರಬೇಡಿ. ಇದರಲ್ಲಿ ಕ್ಲಚ್ ಒಮ್ಮೆಯೂ ಜಾರಲಿಲ್ಲ, ಚೈನಿನ ಸದ್ದೂ ಕಡಿಮೆ. ಒಂದೇ ತೊಂದರೆ ಅಂದರೆ ಡಿಸೆಂಬರಿನ ಬೆಳಗ್ಗೆ. ಮೂಡಿಗೆರೆ ಕಡೆಯ ಚಳಿಗೆ ಆಯಿಲ್ ದಪ್ಪಗಾಗಿ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕ್ಲಚ್ ಹಿಡಿದಿದ್ದರೂ ಮೊದಲ ಗೇರಿಗೆ ಹಾಕಿದ ಕೂಡಲೇ ಕಟಕ್ ಅಂತ ಗಾಡಿ ಮುಂದೆ ನೆಗೆಯುತ್ತದೆ. ಇಂಜಿನ್ ಶುರು ಮಾಡುವ ಮೊದಲೇ ಕ್ಲಚ್ ಹಿಡಿದು ನಾಲ್ಕು ಸಲ ಕಿಕ್ಕರ್ ತುಳಿದರೆ ಪ್ಲೇಟು ಬಿಡುತ್ತದೆ. ನಮ್ಮೂರಿನ ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟಿದ್ದು ಇದು, ಈಗಲೂ ಮಾಡುತ್ತೇನೆ.

ಮೂರನೆಯದು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರಿನ ಕಾರುಗಳಿಗೆ ಹಾಕುವ ಕೆಂಪು ಆಯಿಲ್. ಡೆಕ್ಸ್ರಾನ್ 3 ಬಗೆಯದು ತಂದೆ. ಆ ಕಾರುಗಳ ಬಾಕ್ಸಿನಲ್ಲೂ ಆಯಿಲಿನಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳೇ ಇರುವುದು, ಹಾಗಾಗಿ ಅದು ಪ್ಲೇಟಿಗೆ ಹೊಸತೇನಲ್ಲ. ಕಾದ ಮೇಲೆ 20ಡಬ್ಲ್ಯೂ-50ರ ಅರ್ಧಕ್ಕಿಂತಲೂ ತೆಳು. ಬೆಳಗಿನ ಕಟಕ್ ಹೋಯಿತು, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸುಲಭವಾಗಿ ಸಿಗತೊಡಗಿತು. ಇದು ನನಗೆ ನಿಜಕ್ಕೂ ಖುಷಿ ಕೊಟ್ಟ ಬದಲಾವಣೆ. ಇನ್ನೊಂದು ಲಾಭ, ಬಣ್ಣ. ಗಾಡಿ ಕೆಳಗೆ ಕೆಂಪು ಹನಿ ಬಿದ್ದಿದ್ದರೆ ಅದು ಪ್ರೈಮರಿಯದು, ಕಪ್ಪಾದರೆ ಇಂಜಿನ್ನಿನದು, ಗಂಧಕದ ಘಾಟು ವಾಸನೆ ಇದ್ದರೆ ಗೇರ್ ಬಾಕ್ಸಿನದು. ಎಲ್ಲಿ ಸೋರುತ್ತಿದೆ ಅಂತ ಹುಡುಕಾಡುವುದೇ ಬೇಡ. ಆದರೆ ತೆಳು ಅಲ್ವಾ, ಪ್ರೈಮರಿ ಕವರಿನ ರಬ್ಬರ್ ಸೀಲ್ ಸ್ವಲ್ಪ ಹಳೆಯದಾಗಿದ್ದರೂ ಸೋರುತ್ತದೆ. ಆ ಕವರನ್ನು ಹಿಡಿದಿರುವುದು ನಡುವಿನ ಒಂದೇ ನಟ್ಟು, ಸೋರುತ್ತೆ ಅಂತ ಅದನ್ನು ಜೋರಾಗಿ ಬಿಗಿದರೆ ಕವರೇ ಬಾಗಿ ಇನ್ನೂ ಜಾಸ್ತಿ ಸೋರುತ್ತದೆ. ಸೀಲ್ ಬದಲಿಸಿ, ಹದವಾಗಿ ಬಿಗಿಯಿರಿ. ಚೈನಿನ ಸದ್ದೂ ಒಂಚೂರು ಜಾಸ್ತಿ ಕೇಳುತ್ತದೆ.

ಅಳತೆ ಅರ್ಧ ಲೀಟರಿಗಿಂತ ಕಡಿಮೆಯೇ. ಸೆಂಟರ್ ಸ್ಟ್ಯಾಂಡ್ ಹಾಕಿ, ಲೆವೆಲ್ ಸ್ಕ್ರೂ ತೆಗೆದು, ಅಲ್ಲಿಂದ ಹನಿ ಬರುವವರೆಗೆ ಹಾಕಿದರೆ ಸಾಕು.

ಇನ್ನು ಗೇರ್ ಬಾಕ್ಸು. ಮೊದಲು ಹಾಕಿದ್ದು ಅದೇ 20ಡಬ್ಲ್ಯೂ-50. ಗೇರ್ ಬೀಳುವುದು ನಯವಾಗಿತ್ತು, ಆದರೆ ಕಿಕ್ಕರ್ ಶಾಫ್ಟಿನ ಪಕ್ಕದಿಂದ ದಿನಾ ಹನಿ. ಹದಿನೈದು ದಿನಕ್ಕೊಮ್ಮೆ ತುಂಬಬೇಕಿತ್ತು. ಬಿಟ್ಟುಬಿಟ್ಟೆ.

ಸೋರುವ ಬಾಕ್ಸಿಗೆ ಹಳಬರು ಗ್ರೀಸ್ ತುಂಬಿಸುತ್ತಾರೆ. ಆಲ್ಬಿಯನ್ ಬಾಕ್ಸಿಗೆ ಗ್ರೀಸ್ ಹಾಕುವುದು ಹೊಸ ಉಪಾಯವಲ್ಲ, ಗಾಡಿ ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಕಾಲದಿಂದಲೂ ಇದೆ. ಆದರೆ ಅದು ಗಂಜಿಯ ಹಾಗೆ ಹರಿಯುವ ಗ್ರೀಸು, 00 ನಂಬರಿನದು. ಅಂಗಡಿಯಲ್ಲಿ ಬೇರಿಂಗಿಗೆ ಅಂತ ಕೊಡುವ ಗಟ್ಟಿ ಗ್ರೀಸನ್ನು ತುಂಬಿಸಿ ನಾನು ಒಂದು ಮಳೆಗಾಲ ಓಡಿಸಿದೆ. ಬಿಚ್ಚಿದಾಗ ಗೇರುಗಳು ಗ್ರೀಸಿನ ನಡುವೆ ತಮ್ಮಷ್ಟಕ್ಕೆ ಒಂದು ಕಾಲುವೆ ಕೊರೆದುಕೊಂಡಿದ್ದವು. ಗ್ರೀಸೆಲ್ಲ ಗೋಡೆಗೆ ಮೆತ್ತಿಕೊಂಡಿತ್ತು, ಬುಷ್ (ಶಾಫ್ಟ್ ತಿರುಗುವ ಲೋಹದ ಬಳೆ) ಮಾತ್ರ ಒಣಗಿತ್ತು. ಒಂದು ಹನಿ ಸೋರಿರಲಿಲ್ಲ ನಿಜ, ಆದರೆ ಆ ಬುಷ್ ಬದಲಿಸಲು ಬಾಕ್ಸ್ ಪೂರ್ತಿ ಇಳಿಸಬೇಕಾಯಿತು.

ಈಗ ಹಾಕಿರುವುದು ಇಪಿ (ಅಂದರೆ ವಿಪರೀತ ಒತ್ತಡ ತಡೆಯುವ) 90 ಗೇರ್ ಆಯಿಲ್, ಜಿಎಲ್-4 ದರ್ಜೆ. 90 ಅಂದಾಕ್ಷಣ 50ರ ಹತ್ತಿರ ಹತ್ತಿರ ಎರಡರಷ್ಟು ದಪ್ಪ ಅಂತ ಹೆದರುವವರಿದ್ದಾರೆ. ಹಾಗಲ್ಲ, ಗೇರ್ ಆಯಿಲಿನ ನಂಬರಿಗೂ ಇಂಜಿನ್ ಆಯಿಲಿನ ನಂಬರಿಗೂ ಅಳತೆಗೋಲೇ ಬೇರೆ. ಕಾದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ದಪ್ಪ. ವ್ಯತ್ಯಾಸ ಇರುವುದು ಒತ್ತಡ ತಡೆಯುವ ಮದ್ದಿನಲ್ಲಿ. ಆ ಮದ್ದು ಜಿಎಲ್-5ರಲ್ಲಿ ಇನ್ನೂ ಜಾಸ್ತಿ, ಅದಕ್ಕೇ ನಾನು ಅದನ್ನು ಮುಟ್ಟುವುದಿಲ್ಲ. ಬಾಕ್ಸಿನೊಳಗಿನ ಬುಷ್ ಕಂಚಿನದು, ಗಂಧಕದ ಮದ್ದು ಹಳದಿ ಲೋಹವನ್ನು ತಿನ್ನಬಹುದು. ಈ ಆಯಿಲಿನಲ್ಲಿ ಸುಮಾರು 6,000 ಕಿಲೋಮೀಟರ್ ಓಡಿಸಿದ್ದೇನೆ. ಎರಡನೇ ಗೇರಿಗೂ ಮೂರನೆಯದಕ್ಕೂ ನಡುವೆ ಸಿಗುತ್ತಿದ್ದ ಸುಳ್ಳು ನ್ಯೂಟ್ರಲ್ (ಯಾವ ಗೇರೂ ಹಿಡಿಯದೆ ನಡುವೆ ನಿಲ್ಲುವುದು) ಹೋಗಿಲ್ಲ, ಅದಕ್ಕೂ ಆಯಿಲಿಗೂ ಸಂಬಂಧವಿಲ್ಲ, ಅದು ಅಡ್ಜಸ್ಟ್‌ಮೆಂಟಿನ ಕೆಲಸ. ಸೋರುವುದು ವಾರಕ್ಕೆ ಎರಡು ಮೂರು ಹನಿ.

ಸದ್ಯಕ್ಕೆ ನನ್ನ ಗಾಡಿಯಲ್ಲಿ ಪ್ರೈಮರಿಗೆ ಎಟಿಎಫ್, ಬಾಕ್ಸಿಗೆ ಇಪಿ 90. ಬಯಲುಸೀಮೆಯ ಬಿಸಿಲಲ್ಲಿ ಓಡಿಸುವವರಾದರೆ ಪ್ರೈಮರಿಗೆ 20ಡಬ್ಲ್ಯೂ-50ನ್ನೇ ಹಾಕಿಕೊಳ್ಳಿ, ಅಲ್ಲಿ ಬೆಳಗಿನ ಅಂಟು ಅಷ್ಟಾಗಿ ಕಾಡುವುದಿಲ್ಲ. ಮಲೆನಾಡಿನವರು ಮಳೆಗಾಲ ಮುಗಿದ ಕೂಡಲೇ ಎರಡೂ ಕಡೆ ಸ್ವಲ್ಪ ಇಳಿಸಿ ಬಣ್ಣ ನೋಡಿ. ಹಾಲು ಹಾಕಿದ ಚಹಾದ ಹಾಗೆ ಕಂಡರೆ ನೀರು ಸೇರಿದೆ, ಎಷ್ಟೇ ಹೊಸ ಆಯಿಲ್ ಆಗಿದ್ದರೂ ಆವತ್ತೇ ಚೆಲ್ಲಿಬಿಡಿ. ಪ್ರೈಮರಿಯಲ್ಲಿ ನೀವು ಹಾಕಿದ್ದಕ್ಕಿಂತ ಜಾಸ್ತಿ ಆಯಿಲ್ ಬಂದರೆ ಇಂಜಿನ್ ಕಡೆಯ ಸೀಲ್ ಹೋಗಿರುತ್ತದೆ, ಆಗ ಯಾವ ಆಯಿಲ್ ಹಾಕಿದರೂ ಸುಮ್ನೆ ದುಡ್ಡು ದಂಡ, ಮೊದಲು ಸೀಲ್ ಹಾಕಿಸಿ.