ರಿಜಿಸ್ಟರ್ ಆಗದ ಮದುವೆ ಲೆಕ್ಕಕ್ಕಿಲ್ಲ ಎನ್ನುವ ವೀಸಾ ಏಜೆಂಟರನ್ನು ನಂಬಬೇಡಿ

ಅಮೆರಿಕದಲ್ಲಿರುವ ಹುಡುಗನಿಗೆ ಮಗಳನ್ನು ಕೊಡುವ ಮಾತುಕತೆ ನಡೆಯುತ್ತಿದೆಯಾ? ಹಾಗಿದ್ದರೆ ಮುಹೂರ್ತ ಇಡುವ ಮೊದಲು ಇದನ್ನು ಪೂರ್ತಿ ಓದಿ. ನಮ್ಮ ಕಾಸರಗೋಡು ಜಿಲ್ಲೆಯ ಒಂದು ವೀಸಾ ಆಫೀಸಿನವರ ಮಾತಿನಿಂದಾಗಿ ನನ್ನ ತಂಗಿ ಮದುವೆಯಾಗಿಯೂ ಇವತ್ತಿನವರೆಗೆ ಬದಿಯಡ್ಕದ ನಮ್ಮ ಮನೆಯಲ್ಲೇ ಇದ್ದಾಳೆ. ಭಾವ ಅಲ್ಲಿ, ಇವಳು ಇಲ್ಲಿ. ದೂರು ವಿಚಾರಣೆಯಲ್ಲಿರುವುದರಿಂದ ಆಫೀಸಿನ ಹೆಸರು ಹಾಕುತ್ತಿಲ್ಲ. ಹೆಸರಿಗಿಂತ ಅವರು ಹೇಳಿದ ಮಾತು ಮುಖ್ಯ. ಅದೇ ಮಾತನ್ನು ಬೇರೆ ಕಡೆಯೂ ಹೇಳುತ್ತಾರೆ ಅಂತ ಆಮೇಲೆ ನಮಗೆ ಗೊತ್ತಾಯಿತು.

ಭಾವ ಅಮೆರಿಕದ ಪ್ರಜೆ. ಅವರ ಅಪ್ಪ ಅಮ್ಮ ಪುತ್ತೂರು ಕಡೆಯವರು. ನಿಶ್ಚಿತಾರ್ಥ ಮುಗಿದ ಮೇಲೆ ವೀಸಾ ವಿಚಾರ ಕೇಳಲು ಅಪ್ಪ ಆ ಆಫೀಸಿಗೆ ಹೋದರು. ಅಲ್ಲಿದ್ದವನು ಕೆ-1 ಹಾಕೋಣ ಎಂದ. ಕೆ-1 ಅಂದರೆ ಮದುವೆ ನಿಶ್ಚಯವಾದ ಹುಡುಗಿ ಅಥವಾ ಹುಡುಗನಿಗೆ ಸಿಗುವ ವೀಸಾ. ಅಲ್ಲಿಗೆ ಹೋಗಿ 90 ದಿನದೊಳಗೆ ಅರ್ಜಿ ಹಾಕಿದವರನ್ನೇ ಮದುವೆಯಾಗಬೇಕು. ಅಷ್ಟರವರೆಗೆ ಅದು ಸರಿಯಾದ ದಾರಿಯೇ. ಭಾವ ಅಲ್ಲಿಂದ ಐ-129ಎಫ್ ಅರ್ಜಿ ಹಾಕಿದರು. ಹಾಕುವಾಗ ಇಬ್ಬರಿಗೂ ಮದುವೆ ಆಗಿರಲಿಲ್ಲ. ಅದರಲ್ಲಿ ಸುಳ್ಳೇನೂ ಇಲ್ಲ.

ಅರ್ಜಿ ಬೇಗ ಮುಗಿಯಲಿಲ್ಲ. ಈ ಮಧ್ಯೆ ಭಾವನ ಅಜ್ಜಿಗೆ ಹುಷಾರಿಲ್ಲದಾಯಿತು. ಅವರ ಕಣ್ಣೆದುರೇ ಧಾರೆ ಮುಗಿಸೋಣ ಅಂತ ಎರಡೂ ಮನೆಯವರು ಯೋಚಿಸಿದರು. ಹಾಗೆ ಮಾಡಬಹುದಾ ಅಂತ ಅಪ್ಪ ಆಫೀಸಿಗೆ ಹೋಗಿ ಬಾಯಿ ಬಿಟ್ಟು ಕೇಳಿದರು. ನಾನೂ ಜೊತೆಗಿದ್ದೆ. ಅವನ ಉತ್ತರ ಹೀಗಿತ್ತು: "ಧಾರಾಳವಾಗಿ ಮಾಡಿ ಮಾವ. ದೇವಸ್ಥಾನದಲ್ಲಿ ಮಾಡಿ. ರಿಜಿಸ್ಟರ್ ಮಾತ್ರ ಮಾಡಬೇಡಿ. ಪೇಪರ್ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಮದುವೆಯೇ ಆಗಿಲ್ಲ."

ಈ ಮಾತು ಶುದ್ಧ ತಪ್ಪು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಹುಡುಗ ಅಥವಾ ಹುಡುಗಿಯ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದರೆ ಮದುವೆ ಆಯಿತು. ಸಪ್ತಪದಿ ಇರುವ ಕಡೆ ಏಳನೇ ಹೆಜ್ಜೆ ಇಟ್ಟ ಕ್ಷಣಕ್ಕೆ ಮದುವೆ ಪೂರ್ತಿಯಾಯಿತು. 8ನೇ ಸೆಕ್ಷನ್ ಇನ್ನೂ ಸ್ಪಷ್ಟ. ರಿಜಿಸ್ಟರ್ ಮಾಡದೆ ಬಿಟ್ಟರೂ ಮದುವೆಯ ಸಿಂಧುತ್ವಕ್ಕೆ ಏನೂ ಆಗುವುದಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಇದರ ಇನ್ನೊಂದು ಮಗ್ಗುಲನ್ನು ಹೇಳಿತು: ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಹಿಂದೂ ಮದುವೆಯೇ ಅಲ್ಲ. ಅಂದರೆ ಕಾನೂನು ನೋಡುವುದು ಮಂಟಪದಲ್ಲಿ ನಡೆದದ್ದನ್ನು. ಅಮೆರಿಕದ ನಿಯಮವೂ ಇದಕ್ಕೆ ಹೊಂದಿಕೊಂಡೇ ಇದೆ. ಮದುವೆ ಎಲ್ಲಿ ನಡೆಯಿತೋ ಅಲ್ಲಿನ ಕಾನೂನು ಒಪ್ಪಿದರೆ ಸಾಮಾನ್ಯವಾಗಿ ಅವರೂ ಒಪ್ಪುತ್ತಾರೆ. ಮದುವೆ ಆಯಿತು ಅಂತಾದರೆ ಕೆ-1 ಅಲ್ಲಿಗೇ ಮುಗಿಯಿತು, ಅದು ಮದುವೆಯಾಗದವರಿಗೆ ಮಾತ್ರ.

ನಮ್ಮ ಕಡೆಯ ಮುಸ್ಲಿಂ ಮನೆಗಳವರೂ ಇದನ್ನು ಗಮನಿಸಬೇಕು. ನಿಕಾಹ್ ಮೊದಲೇ ಮುಗಿಸಿ, ಊಟ ಬಳಗ ಎಲ್ಲ ಹುಡುಗ ರಜೆಯಲ್ಲಿ ಬಂದಾಗ ಮಾಡುವುದು ಇಲ್ಲಿ ಸಾಮಾನ್ಯ ಅಲ್ವಾ? ನಿಕಾಹ್ ಆದ ದಿನವೇ ಮದುವೆ ಆಯಿತು. ಹುಡುಗಿ ತವರಲ್ಲೇ ಇದ್ದಾಳೆ ಅನ್ನುವುದರಿಂದ ಏನೂ ಬದಲಾಗುವುದಿಲ್ಲ.

ಕುಂಬಳೆ ಸೀಮೆಯ ಒಂದು ದೇವಸ್ಥಾನದಲ್ಲಿ ಮದುವೆ ನಡೆಯಿತು. ಕೆಲವು ತಿಂಗಳ ನಂತರ ಮುಂಬೈಯ ಕಾನ್ಸುಲೇಟಿನಲ್ಲಿ ಸಂದರ್ಶನದ ದಿನ ಸಿಕ್ಕಿತು. ಹೊರಡುವ ಹಿಂದಿನ ದಿನ ಆಫೀಸಿನವನು ಫೋನ್ ಮಾಡಿ ತಂಗಿಗೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕರಿಮಣಿ ತೆಗೆದಿಟ್ಟು ಹೋಗಿ, ಕಾಲುಂಗುರವೂ ಬೇಡ, ಫೇಸ್‌ಬುಕ್ ಫೋಟೋ ಎಲ್ಲ ತೆಗೆಯಿರಿ, ಕೇಳಿದರೆ ಬರೀ ನಿಶ್ಚಿತಾರ್ಥ ಅನ್ನಿ. ಅಮ್ಮ ಅಲ್ಲೇ ಕೂತುಬಿಟ್ಟರು. ತಂಗಿ ಕರಿಮಣಿ ತೆಗೆಯಲಿಲ್ಲ. "ಸುಳ್ಳು ಹೇಳಿ ಹೋಗುವ ಊರು ನನಗೆ ಬೇಡ ಅಕ್ಕ" ಎಂದಳು. ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಅಪ್ಪನೂ ಅವಳೂ ಹೋದರು.

ಕೌಂಟರಿನಲ್ಲಿ ಅಧಿಕಾರಿ ಮೊದಲು ಕೇಳಿದ ಪ್ರಶ್ನೆಗಳಲ್ಲಿ ಒಂದು, ಯಾವುದಾದರೂ ಮದುವೆ ಶಾಸ್ತ್ರ ನಡೆದಿದೆಯಾ ಅಂತ. ತಂಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಗ ಆ ಅಧಿಕಾರಿ ಕಂಪ್ಯೂಟರ್ ನೋಡಿ, ನಿಮ್ಮ ಡಿಎಸ್-160 ವೀಸಾ ಫಾರ್ಮಿನಲ್ಲಿ ಅವಿವಾಹಿತೆ ಅಂತ ಇದೆಯಲ್ಲ ಎಂದರು. ಆ ಫಾರ್ಮನ್ನು ಆಫೀಸಿನವನೇ ತುಂಬಿ, ಅವನೇ ಸಲ್ಲಿಸಿದ್ದ. ನಮಗೆ ಕೊಟ್ಟದ್ದು ಬಾರ್‌ಕೋಡ್ ಇರುವ ಕೊನೆಯ ಪುಟ ಮಾತ್ರ. ಫಾರ್ಮ್ ತುಂಬಲು ಯಾರಾದರೂ ಸಹಾಯ ಮಾಡಿದರಾ ಅನ್ನುವ ಪ್ರಶ್ನೆ ಅದರಲ್ಲೇ ಇರುತ್ತದೆ. ಅಲ್ಲಿ 'ಇಲ್ಲ' ಎಂದು ಹಾಕಿದ್ದ! ತಂಗಿ ಅದನ್ನೂ ವಿವರಿಸಿದಳು. ಅಧಿಕಾರಿ ಗದರಲಿಲ್ಲ. ಒಂದು ಹಾಳೆ ಕೊಟ್ಟರು. ವೀಸಾ ಇಲ್ಲ, ಅರ್ಜಿಯನ್ನು ವಾಪಸ್ ಕಳಿಸುತ್ತೇವೆ, ನೀವು ಹೆಂಡತಿಯ ವೀಸಾಕ್ಕೆ ಹೊಸದಾಗಿ ಹಾಕಿ ಎಂದರು.

ತಂಗಿ ಆ ಆಫೀಸಿನವನು ಹೇಳಿಕೊಟ್ಟಂತೆ ಮಾತಾಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ವೀಸಾಕ್ಕಾಗಿ ಮುಖ್ಯವಾದ ಸಂಗತಿಯನ್ನು ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಕಾನೂನಿನಲ್ಲಿ ಜೀವನಪೂರ್ತಿ ನಿಷೇಧ. ಆಮೇಲೆ ಹೆಂಡತಿಯಾಗಿ ಹೋಗಬೇಕಾದರೂ ಪ್ರತ್ಯೇಕ ಮಾಫಿ ಅರ್ಜಿ ಹಾಕಿ, ಅವಳಿಲ್ಲದೆ ಗಂಡನಿಗೆ ತೀವ್ರ ಕಷ್ಟವಾಗುತ್ತದೆ ಅಂತ ತೋರಿಸಬೇಕು. ನಮಗೆ ದುಡ್ಡೂ ಸಮಯವೂ ಹೋಯಿತು, ದಾರಿ ಮುಚ್ಚಲಿಲ್ಲ. ಅದು ತಂಗಿಯ ನೇರ ಮಾತಿನಿಂದ.

ಈಗ ದುಡ್ಡಿನ ವಿಚಾರ. ಕೆ-1 ಅಗ್ಗ ಅಂತ ಅವನು ಹೇಳಿದ್ದ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಲ್ಲಿ ಲೆಕ್ಕ ಹಾಕಿ ನೋಡಿ. ಐ-129ಎಫ್‌ಗೆ 675 ಡಾಲರ್, ವೀಸಾ ಶುಲ್ಕ 265 ಡಾಲರ್. ಇಷ್ಟೇ ಹೇಳಿ ನಿಲ್ಲಿಸುತ್ತಾರೆ. ಆದರೆ ಅಲ್ಲಿ ಹೋಗಿ ಮದುವೆಯಾದ ಮೇಲೆ ಗ್ರೀನ್ ಕಾರ್ಡಿಗೆ ಐ-485 ಹಾಕಬೇಕು, ಅದಕ್ಕೆ 1,440 ಡಾಲರ್. ಒಟ್ಟು 2,380. ರೂಪಾಯಿಯಲ್ಲಿ ಎರಡು ಲಕ್ಷ ದಾಟುತ್ತದೆ. ಕಾರ್ಡ್ ಬರುವ ಮೊದಲು ಕೆಲಸಕ್ಕೆ ಸೇರಬೇಕಾದರೆ ಇನ್ನೂ 260 ಡಾಲರ್, ಮಧ್ಯದಲ್ಲಿ ಊರಿಗೆ ಬಂದು ಹೋಗಲು ಅನುಮತಿ ಬೇಕಾದರೆ 630 ಡಾಲರ್. ಅನುಮತಿ ಇಲ್ಲದೆ ಹೊರಗೆ ಬಂದರೆ ಆ ಅರ್ಜಿ ಬಿದ್ದುಹೋಗುತ್ತದೆ.

ಮದುವೆಯಾದವರ ದಾರಿಗೆ ಐ-130, ಅಂದರೆ ಹೆಂಡತಿಯನ್ನು ಅಥವಾ ಗಂಡನನ್ನು ಕರೆಸಿಕೊಳ್ಳಲು ಹಾಕುವ ಅರ್ಜಿ. ಆನ್‌ಲೈನ್‌ನಲ್ಲಿ ಹಾಕಿದರೆ 625, ಕಾಗದದಲ್ಲಿ ಕಳಿಸಿದರೆ 675. ಅದು ಮಂಜೂರಾದ ಮೇಲೆ ವೀಸಾ ಪತ್ರಗಳನ್ನು ನೋಡುವ ಅಮೆರಿಕದ ಸರಕಾರಿ ಕಚೇರಿ ನ್ಯಾಷನಲ್ ವೀಸಾ ಸೆಂಟರಿಗೆ (ಎನ್‌ವಿಸಿ) 325 ಮತ್ತು 120 ಡಾಲರ್. ವೀಸಾ ಸಿಕ್ಕ ಮೇಲೆ ಗ್ರೀನ್ ಕಾರ್ಡ್ ಮುದ್ರಣಕ್ಕೆ 235. ಎಲ್ಲ ಸೇರಿ 1,305 ಡಾಲರ್. ವೈದ್ಯಕೀಯ ಪರೀಕ್ಷೆ ಎರಡು ದಾರಿಗೂ ಇದೆ, ಅದರ ಖರ್ಚು ಬೇರೆ. ಈ ದಾರಿಯಲ್ಲಿ ವಿಮಾನದಿಂದ ಇಳಿದ ದಿನದಿಂದಲೇ ಅವಳು ಕೆಲಸ ಮಾಡಬಹುದು, ಬೇಕೆಂದಾಗ ಊರಿಗೆ ಬರಬಹುದು. ಪಾಸ್‌ಪೋರ್ಟಿನಲ್ಲಿರುವ ವೀಸಾಕ್ಕೆ ಮುದ್ರೆ ಬಿದ್ದರೆ ಅದೇ ಒಂದು ವರ್ಷ ಗ್ರೀನ್ ಕಾರ್ಡಿನ ಹಾಗೆ ನಡೆಯುತ್ತದೆ. ನನ್ನನ್ನು ಕೇಳಿದರೆ ಊರಲ್ಲೇ ಮದುವೆ ಮಾಡುವ ಆಸೆ ಇರುವ ಮನೆಯವರು ಕೆ-1 ಕಡೆ ತಿರುಗಿಯೂ ನೋಡಬಾರದು. ದರ ಬದಲಾಗುತ್ತಿರುತ್ತದೆ, ಕಟ್ಟುವ ಮೊದಲು ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ಸರಕಾರಿ ವೆಬ್‌ಸೈಟಿನಲ್ಲಿ ನೀವೇ ನೋಡಿಕೊಳ್ಳಿ.

ನಮ್ಮ ಹತ್ತಿರ ಆ ಆಫೀಸಿನ ಒಂದು ರಶೀದಿ ಇದೆ. ಬಿಳಿ ಹಾಳೆ, ಮೇಲೆ ರಬ್ಬರ್ ಸ್ಟ್ಯಾಂಪ್. ಅದರಲ್ಲಿ ನೀಲಿ ಶಾಯಿಯಲ್ಲಿ 'ಎನ್‌ವಿಸಿ ಚಾರ್ಜ್' ಅಂತ ಬರೆದು ರೂಪಾಯಿಯಲ್ಲಿ ದುಡ್ಡು ತೆಗೆದುಕೊಂಡಿದ್ದಾನೆ. ಕೆ-1 ಅರ್ಜಿಗೆ ನ್ಯಾಷನಲ್ ವೀಸಾ ಸೆಂಟರ್ ಒಂದು ಪೈಸೆಯೂ ಕೇಳುವುದಿಲ್ಲ. ಐ-130 ದಾರಿಯಲ್ಲಿ ಕೇಳುವ ದುಡ್ಡನ್ನೂ ಆನ್‌ಲೈನ್‌ನಲ್ಲಿ ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ಹಾಗಿದ್ದ ಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ಆಫೀಸಿನಲ್ಲಿ ನಗದು ಕೊಟ್ಟರೆ ಅದು ಯಾರ ಕಿಸೆಗೆ ಹೋಗುತ್ತದೆ ಅಂತ ನೀವೇ ಯೋಚಿಸಿ. ಅನುವಾದಕ್ಕೆ ನೋಟರಿ ಬೇಕೇ ಬೇಕು ಅಂತಲೂ ಪ್ರತಿ ಪುಟಕ್ಕೆ ದುಡ್ಡು ಕಿತ್ತಿದ್ದ. ಯುಎಸ್‌ಸಿಐಎಸ್ ಕೇಳುವುದು, ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ತಿ ಮತ್ತು ಸರಿಯಾಗಿದೆ ಎಂದು ಅನುವಾದ ಮಾಡಿದವರ ಸಹಿ ಇರುವ ಹೇಳಿಕೆಯನ್ನು ಮಾತ್ರ.

ಕಾಗದಪತ್ರದಲ್ಲಿ ನಮ್ಮ ಗಡಿನಾಡಿನವರಿಗೆ ಬೇರೆಯೇ ತಲೆನೋವು ಇದೆ. ತಂಗಿ ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಹಾಗಾಗಿ ಜನನ ಪ್ರಮಾಣಪತ್ರ ಕರ್ನಾಟಕದ್ದು. ಓದಿದ್ದು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ. ಮದುವೆ ರಿಜಿಸ್ಟರ್ ಆಗುವುದು ಕೇರಳದ ಪಂಚಾಯತಿನಲ್ಲಿ. ಅಪ್ಪನ ಹೆಸರು ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಇನಿಶಿಯಲ್, ಮತ್ತೊಂದರಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಹೋಗುವಾಗ ಒಂದು ಅಕ್ಷರ ಜಾಸ್ತಿ. ಇದನ್ನೆಲ್ಲ ಅರ್ಜಿ ಹಾಕುವ ಮೊದಲೇ ಎದುರಿಗಿಟ್ಟುಕೊಂಡು ನೋಡಿ. ಇನ್ನೊಂದು, ತಂಗಿ ಎರಡು ವರ್ಷ ದುಬೈಯಲ್ಲಿ ಕೆಲಸದಲ್ಲಿದ್ದಳು. 16 ವಯಸ್ಸಿನ ನಂತರ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದ ದೇಶದ ಪೊಲೀಸ್ ಸರ್ಟಿಫಿಕೇಟ್ ಬೇಕು. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿಗೆ ಸಿಗುವ ಇಲ್ಲಿನ ಪೊಲೀಸ್ ಸರ್ಟಿಫಿಕೇಟ್ (ಪಿಸಿಸಿ) ಮಾತ್ರ ಸಾಕಾಗುವುದಿಲ್ಲ. ಗಲ್ಫ್‌ನಲ್ಲಿದ್ದು ಬಂದವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ! ಆದರೂ ಆ ಆಫೀಸಿನವನು ಅದನ್ನು ಕೇಳಿಯೇ ಇರಲಿಲ್ಲ.

ಕೇರಳದಲ್ಲಿ 2008ರ ನಿಯಮದ ಪ್ರಕಾರ ಯಾವ ಜಾತಿ ಧರ್ಮದವರಾದರೂ ಮದುವೆ ನಡೆದ ಜಾಗದ ಪಂಚಾಯತ್ ಅಥವಾ ನಗರಸಭೆಯಲ್ಲಿ 45 ದಿನದೊಳಗೆ ರಿಜಿಸ್ಟರ್ ಮಾಡಬೇಕು. ಅವನ ಮಾತು ನಂಬಿದ್ದರಿಂದ ಆ ಗಡುವೂ ದಾಟಿತು. ಆಮೇಲೆ ದಂಡ ಕಟ್ಟಿ, ಆಮಂತ್ರಣ ಪತ್ರಿಕೆ, ದೇವಸ್ಥಾನದ ರಶೀದಿ, ಸಾಕ್ಷಿ ಎಲ್ಲ ಹೊಂದಿಸಿ ಮಾಡಿಸಿದೆವು. ಪಂಚಾಯತಿನವರು ಒಳ್ಳೆಯ ರೀತಿಯಲ್ಲೇ ಮಾಡಿಕೊಟ್ಟರು. ತಡವಾಗಿ ರಿಜಿಸ್ಟರ್ ಆಗಿದೆ ಅಂತ ಹೆದರಬೇಡಿ, ಮದುವೆಯ ತಾರೀಕು ಮಾತ್ರ ನಿಜವಾದದ್ದೇ ಇರಲಿ. ಆ ತಾರೀಕಿಗೆ ಬೆಲೆ ಇದೆ. ಅಮೆರಿಕಕ್ಕೆ ಕಾಲಿಡುವಾಗ ಮದುವೆಯಾಗಿ ಎರಡು ವರ್ಷ ಆಗಿಲ್ಲದಿದ್ದರೆ ಅದು ಸಿಆರ್-1, ಎರಡು ವರ್ಷದ ಕಾರ್ಡ್. ಆಮೇಲೆ ಅದನ್ನು ಮುಂದುವರಿಸಲು 750 ಡಾಲರ್ ಕಟ್ಟಿ ಐ-751 ಅರ್ಜಿ ಹಾಕಬೇಕು. ಎರಡು ವರ್ಷ ದಾಟಿದ್ದರೆ ಐಆರ್-1, ನೇರವಾಗಿ ಹತ್ತು ವರ್ಷದ ಕಾರ್ಡ್.

ಹುಡುಗ ಯಾವ ಸ್ಥಿತಿಯಲ್ಲಿದ್ದಾನೆ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಕೇಳಲು ಸಂಕೋಚ ಬೇಡ. ಅವನು ಪ್ರಜೆಯಾದರೆ ಮಾತ್ರ ಮೇಲಿನ ಎರಡು ದಾರಿ. ಬರೀ ಗ್ರೀನ್ ಕಾರ್ಡ್ ಇದ್ದರೆ ಕೆ-1 ಇಲ್ಲವೇ ಇಲ್ಲ, ಐ-130 ಹಾಕಿದರೂ ಎಫ್2ಎ ಅನ್ನುವ ಸಾಲಿನಲ್ಲಿ ಕಾಯಬೇಕಾಗುತ್ತದೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದರೆ ಹೆಂಡತಿಗೆ ಎಚ್-4, ಅದರ ವೀಸಾ ಶುಲ್ಕ 205 ಡಾಲರ್, ಮದುವೆ ಸರ್ಟಿಫಿಕೇಟ್ ಮುಖ್ಯ.

ನಮ್ಮ ಕೆ-1 ಬಿದ್ದ ಮೇಲೂ ಆ ಮನುಷ್ಯ ಬಿಡಲಿಲ್ಲ. ಟೂರಿಸ್ಟ್ ವೀಸಾದಲ್ಲಿ ಕಳಿಸಿ, ಅಲ್ಲಿಯೇ ಉಳಿದುಕೊಳ್ಳಲಿ ಎಂದ. ಉಳಿಯುವ ಉದ್ದೇಶ ಮುಚ್ಚಿಟ್ಟು ಆ ವೀಸಾ ಕೇಳಿದರೆ ಅದೂ ಸುಳ್ಳೇ, ಅದೇ ನಿಷೇಧದ ಭಯ. ಅಪ್ಪ ಎದ್ದು ಬಂದರು. ಭಾವ ಅಲ್ಲಿ ಒಬ್ಬ ಲೈಸೆನ್ಸ್ ಇರುವ ವಕೀಲರನ್ನು ಹಿಡಿದು ಐ-130 ಆನ್‌ಲೈನ್‌ನಲ್ಲಿ ಹಾಕಿದರು. ಮಂಟಪದ ಫೋಟೋ, ಆಮಂತ್ರಣ, ಅಜ್ಜಿಯ ಮಡಿಲಲ್ಲಿ ತಲೆಯಿಟ್ಟ ಇಬ್ಬರ ಚಿತ್ರ, ಎಲ್ಲವನ್ನೂ ಪುರಾವೆಯಾಗಿ ಕೊಟ್ಟರು. ಅದು ಮಂಜೂರಾಗಿದೆ. ಈಗ ಪತ್ರಗಳು ನ್ಯಾಷನಲ್ ವೀಸಾ ಸೆಂಟರಿನಲ್ಲಿವೆ.

ಆಫೀಸಿನವನು ದುಡ್ಡು ವಾಪಸ್ ಕೊಡುವುದಿಲ್ಲ ಎಂದ ಮೇಲೆ ನಾವು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆವು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕ ಇಲ್ಲ. ವಕೀಲರಿಲ್ಲದೆಯೂ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಮೊದಲು ವಿಚಾರಿಸಬೇಕಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಇಂಥ ಸಲಹೆಯಿಂದ ತೊಂದರೆಯಾದವರು ಇದ್ದರೆ ರಶೀದಿ, ವಾಟ್ಸಾಪ್ ಸಂದೇಶ, ಕಾಲ್ ರೆಕಾರ್ಡ್ ಯಾವುದನ್ನೂ ಅಳಿಸಬೇಡಿ. ನಮ್ಮ ದೂರಿಗೆ ಗಟ್ಟಿ ಆಧಾರವಾದದ್ದು 'ರಿಜಿಸ್ಟರ್ ಮಾಡಬೇಡಿ' ಅಂತ ಅವನೇ ಕಳಿಸಿದ್ದ ಒಂದು ವಾಯ್ಸ್ ಮೆಸೇಜ್.