ಮುಹೂರ್ತಕ್ಕೆ ಮೀನು ಬಿಟ್ಟು ಕೆಟ್ಟೆ

ಮನೆಯಲ್ಲಿ ದೊಡ್ಡ ಉಪ್ಪುನೀರಿನ ಟ್ಯಾಂಕ್ ಇಡಬೇಕು, ಹವಳ ಸಾಕಬೇಕು ಅಂತ ಆಸೆ ಇರುವವರು ಅಂಗಡಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನನಗೆ ಹೋದದ್ದು ಎರಡು ಲಕ್ಷ ಎಂಬತ್ತು ಸಾವಿರ ರೂಪಾಯಿ, ಹತ್ತು ಮೀನು, ಕೆಳಗಿನ ಮನೆಯ ಸೀಲಿಂಗ್. ಜೈಲಿಗೆ ಹೋಗಲಿಲ್ಲ, ಅದು ನಮ್ಮ ಅವ್ವನ ಪುಣ್ಯ.

ನಮ್ಮ ವಾಸ್ತುಶಾಂತಿ ಶ್ರಾವಣದಲ್ಲಿತ್ತು. ಹುಬ್ಬಳ್ಳಿಯಲ್ಲಿ ಕೇಶ್ವಾಪುರದ ಕಡೆ ಮನೆ ಕಟ್ಟಿಸಿದ್ದೆವು. ಕೆಳಗೆ ಬಾಡಿಗೆಯವರು, ಮೇಲೆ ನಾವು. ಹಾಲ್‌ನಲ್ಲಿ ಟಿವಿ ಇರುವ ಜಾಗದಲ್ಲಿ ಸಮುದ್ರ ಇರಬೇಕು ಅಂತ ನನ್ನ ತಲೆಯಲ್ಲಿ ಹೊಕ್ಕಿತ್ತು. ಗೋಲ್ಡ್ ಫಿಶ್, ಏಂಜೆಲ್ ಅಂತ ಸಿಹಿನೀರಿನ ಮೀನು ಹತ್ತು ವರ್ಷ ಸಾಕಿದವನು ನಾನು. ಉಪ್ಪು ಹಾಕಿದರೆ ಇದೂ ಅದೇ ಅಲ್ವಾ ಅಂದುಕೊಂಡಿದ್ದೆ.

ಅಂಗಡಿಯವರ ಹೆಸರು ಹೇಳುವುದಿಲ್ಲ. ತಪ್ಪು ಅವರೊಬ್ಬರದೇ ಅಲ್ಲ. ವಾಸ್ತುಶಾಂತಿಗೆ ಹದಿನೈದು ದಿನ ಇರುವಾಗ ಹೋಗಿ, "ಮುಹೂರ್ತದ ದಿನ ಟ್ಯಾಂಕಿನಾಗ ಮೀನ ಓಡಾಡ್ತಿರಬೇಕ್ರಿ" ಅಂದವನು ನಾನು. "ಎಂಟು ದಿನ ಸಾಕ್ರಿ ಸರ, ನೀವು ಚಿಂತಿ ಬಿಡ್ರಿ" ಅಂದವರು ಅವರು.

ಎಲ್ಲ ಕೆಟ್ಟದ್ದು ಆ ಎಂಟು ದಿನದಿಂದ. ಮೀನು ಉಸಿರಾಡಿದರೂ, ಹೇತರೂ, ತಿನ್ನದೆ ಬಿಟ್ಟ ಆಹಾರ ಕೊಳೆತರೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಆಗಾಗ ನೀರು ಬದಲಾಯಿಸಿ ಹೊರಗೆ ಹಾಕಬಹುದು. ಈ ಬ್ಯಾಕ್ಟೀರಿಯಾ ಕಲ್ಲು, ಮರಳಿನ ಮೇಲೆ ಬೆಳೆದು ನೆಲೆ ನಿಲ್ಲುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯ ತನಕ ಟ್ಯಾಂಕಿನಲ್ಲಿ ಮೀನು ಇರಬಾರದು. ಹೆಪ್ಪು ಹಾಕಿದ ಹಾಲನ್ನು ಅರ್ಧ ತಾಸಿಗೇ ತೆಗೆದು ಮಜ್ಜಿಗೆ ಕಡೆಯೋಕೆ ಹೋದರೆ ಏನಾದೀತು? ಅಯ್ಯನವರು ತೆಗೆದುಕೊಟ್ಟ ಮುಹೂರ್ತ ನಮಗೆ ಗೊತ್ತು, ಬ್ಯಾಕ್ಟೀರಿಯಾಕ್ಕೆ ಗೊತ್ತಿಲ್ಲ.

ಟ್ಯಾಂಕ್ ಅಳತೆ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಗಾಜು 12 ಮಿಲಿಮೀಟರ್. ತುಂಬಿದರೆ ಸುಮಾರು 560 ಲೀಟರ್ ನೀರು. ಗಾಜೇ ನೂರು ಕೆಜಿ. ಕಲ್ಲು, ಸ್ಟ್ಯಾಂಡ್, ಕೆಳಗಿನ ತೊಟ್ಟಿ ಎಲ್ಲ ಸೇರಿ 800 ಕೆಜಿ ಹತ್ತಿರ, ಅದೂ ಒಂದು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ. ನಮ್ಮ ಮನೆಗಳ ಸ್ಲ್ಯಾಬ್ ಲೆಕ್ಕ ಹಾಕುವುದು ಚದರ ಮೀಟರಿಗೆ 200 ಕೆಜಿ ಭಾರ ಅಂತ ಹಿಡಿದು. "ಸ್ಲ್ಯಾಬ್ ಗಟ್ಟಿ ಐತ್ರಿ" ಅಂದರು ಅಂಗಡಿಯವರು, ಕಾಲಿಂದ ಒಮ್ಮೆ ಕುಟ್ಟಿ ನೋಡಿ. ನಮ್ಮ ಎಂಜಿನಿಯರ್ ಬಂದು ಬೈದ ಮೇಲೆ ಅದನ್ನು ಹಾಲ್ ನಡುವಿನಿಂದ ಬೀಮ್ ಮೇಲಿನ ಗೋಡೆ ಪಕ್ಕಕ್ಕೆ ಸರಿಸಿದೆವು. ಮೇಲಿನ ಮಹಡಿಯಲ್ಲಿ ಇಡುವವರು ಮೀನಿನ ಅಂಗಡಿಗೆ ಹೋಗುವ ಮೊದಲು ಎಂಜಿನಿಯರ್ ಹತ್ತಿರ ಹೋಗಿ.

ಇನ್ನು ನೀರು. "ಒರಿಜಿನಲ್ ಸಮುದ್ರದ ನೀರು ತರಸ್ತೀನ್ರಿ" ಅಂತ ನೀಲಿ ಡ್ರಮ್‌ಗಳಲ್ಲಿ ಕಾರವಾರದಿಂದ ತರಿಸಿದರು. ಕೇಳಿ ನನಗೆ ಖುಷಿಯೋ ಖುಷಿ. ಆದರೆ ಅದು ಶ್ರಾವಣ. ಘಟ್ಟದ ಮಳೆ ನೀರನ್ನೆಲ್ಲ ಹೊತ್ತು ಕಾಳಿ ನದಿ ಕಾರವಾರದಲ್ಲಿ ಸಮುದ್ರ ಸೇರುವ ಕಾಲ. ದಂಡೆಯಲ್ಲಿ ತುಂಬಿದ ನೀರು ಎಷ್ಟು ಉಪ್ಪಾಗಿದ್ದೀತು? ಆಮೇಲೆ ನೀರಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ತರಿಸಿ ನೋಡಿದರೆ ತೋರಿಸಿದ್ದು ಸಾಂದ್ರತೆ 1.017. ಹವಳಕ್ಕೆ ಬೇಕಾದದ್ದು 1.025, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆ ಉಪಕರಣಕ್ಕೆ ದೊಡ್ಡ ಬೆಲೆಯೇನೂ ಇಲ್ಲ, ಟ್ಯಾಂಕಿಗಿಂತ ಮೊದಲು ಅದನ್ನೇ ಕೊಳ್ಳಬೇಕಿತ್ತು.

ಸರಿಯಾದ ದಾರಿ ಅಂದರೆ ಟಿಡಿಎಸ್, ಅಂದರೆ ಕರಗಿದ ಲವಣ, ಸೊನ್ನೆ ಇರುವ ನೀರಿಗೆ ಅಕ್ವೇರಿಯಂಗೆ ಅಂತಲೇ ಬರುವ ಸಮುದ್ರದ ಉಪ್ಪು ಬೆರೆಸುವುದು. ಅಡುಗೆ ಉಪ್ಪು ನಡೆಯುವುದಿಲ್ಲ. ನಲ್ಲಿಗೆ ಬರುವ ಮಲಪ್ರಭೆ ನೀರು ನಮಗೆ ಸರಿ, ಅದರ ಕ್ಲೋರಿನ್ ಮೀನಿಗೆ ಆಗದು. ಬೋರ್ ನೀರಂತೂ ಬೇಡವೇ ಬೇಡ. ಮನೆಯ ಆರ್‌ಒ ನೀರೂ ಸೊನ್ನೆಗೆ ಇಳಿಯುವುದಿಲ್ಲ, ಅದರ ಮುಂದೆ ಡಿಐ ಅನ್ನುವ ಇನ್ನೊಂದು ಕಾರ್ಟ್ರಿಡ್ಜ್ ಬೇಕು. ಆರ್‌ಒ ಒಂದು ಲೀಟರ್ ಕೊಡುವುದಕ್ಕೆ ಎರಡು ಮೂರು ಲೀಟರ್ ಚೆಲ್ಲುತ್ತದೆ. ವಾರಕ್ಕೊಮ್ಮೆ ನೀರು ಬಿಡುವ ಓಣಿಯಲ್ಲಿ 600 ಲೀಟರ್ ಮಾಡಿಕೊಳ್ಳುವ ಲೆಕ್ಕ ನೀವೇ ಹಾಕಿ.

ವಾಸ್ತುಶಾಂತಿಯ ಹಿಂದಿನ ಸಂಜೆ ಮೀನು ಬಂದವು. ಆರು ಡ್ಯಾಮ್ಸೆಲ್, ನಾಲ್ಕು ಕ್ಲೌನ್, ಒಂದು ಬ್ಲೂ ಟ್ಯಾಂಗ್. ಬ್ಲೂ ಟ್ಯಾಂಗ್ ಒಂದು ಅಡಿ ಬೆಳೆಯುವ ಮೀನು, ನಮ್ಮ ಟ್ಯಾಂಕ್ ಅದಕ್ಕೆ ಸಾಲದು ಅಂತ ಆಗ ಯಾರೂ ಹೇಳಲಿಲ್ಲ. ಜೊತೆಗೆ "ಲೈವ್ ರಾಕ್" ಅಂತ ಸೂಕ್ಷ್ಮಜೀವಿ ಇರುವ ಸಮುದ್ರದ ಕಲ್ಲು, ಮೂರು ತುಂಡು ಹವಳ, ಎರಡು ಸೀಗಡಿ. ಮರುದಿನ ಬಂದವರೆಲ್ಲ ಹೋಳಿಗೆ ಉಂಡು ಟ್ಯಾಂಕ್ ಮುಂದೆ ಸೆಲ್ಫಿ ತೆಗೆದುಕೊಂಡರು. ನಮ್ಮ ಅತ್ತೆ ಗಾಜಿಗೆ ಅರಿಶಿನ ಕುಂಕುಮ ಹಚ್ಚಿ, ಗಂಗಮ್ಮ ಅಂತ ಕೈಮುಗಿದು, ನಾಲ್ಕು ಕಾಳು ಅಕ್ಷತೆ ನೀರಿಗೂ ಹಾಕಿದರು. ನಾನು ಫೋಟೋ ಹೊಡೆದೆ.

ಮೂರನೇ ದಿನ ಬೆಳಗ್ಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಹನಿ ಹಾಕಿ ನೋಡುವ ಕಿಟ್ ಇತ್ತು. ಅಮೋನಿಯಾ ಇಲ್ಲದಿದ್ದರೆ ನೀರು ಹಳದಿ ನಿಲ್ಲಬೇಕು. ನನ್ನ ಕೊಳವೆಯಲ್ಲಿ ಮೊದಲು ತಿಳಿ ಹಸಿರು ಬಂತು, ಅಲುಗಾಡಿಸಿ ಐದು ನಿಮಿಷ ಬಿಟ್ಟರೆ ಬೇವಿನ ಎಲೆಯ ಹಸಿರು. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುತ್ತದೆ, ಪಿಎಚ್ ಏರಿದಷ್ಟು ಅಮೋನಿಯಾ ಹೆಚ್ಚು ವಿಷ. ಸಿಹಿನೀರಿನಲ್ಲಿ ಹೇಗೋ ತಡೆದುಕೊಳ್ಳುವ ಪ್ರಮಾಣ ಇಲ್ಲಿ ಕೊಲ್ಲುತ್ತದೆ. ಸಂಜೆಯೊಳಗೆ ಐದು ಹೋದವು. ಮಗಳು ಒಂದೊಂದಕ್ಕೂ ಹೆಸರಿಟ್ಟಿದ್ದಳು. ಆ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಉಳಿದವುಗಳ ಮೈಮೇಲೆ ವಾರದೊಳಗೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಅಂಗಡಿಯವರು ಬಂದು ನೀಲಿ ಔಷಧಿ ಸುರಿದು ಹೋದರು. ಅದು ತಾಮ್ರದ ಔಷಧಿ. ಬಿಳಿ ಚುಕ್ಕೆಗೆ ತಾಮ್ರ ಒಳ್ಳೆಯ ಮದ್ದೇ, ಆದರೆ ಬೇರೆ ಟ್ಯಾಂಕಿಗೆ ಮೀನು ಹಾಕಿ ಕೊಡಬೇಕಾದದ್ದು. ಹವಳ, ಸೀಗಡಿ, ಶಂಖದ ಹುಳು ಯಾವುದೂ ತಾಮ್ರ ತಡೆಯುವುದಿಲ್ಲ. ಸೀಗಡಿ ರಾತ್ರಿಯೇ ಮಗುಚಿ ಬಿದ್ದವು. ಹವಳ ನಾಲ್ಕು ದಿನದಲ್ಲಿ ಬಿಳಿ ಸುಣ್ಣವಾಯಿತು. ಕಲ್ಲು, ಮರಳು ತಾಮ್ರ ಹೀರಿಕೊಂಡು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಲೇ ಇರುತ್ತವೆ. ಅಂದರೆ ಆ ಟ್ಯಾಂಕ್ ಇನ್ನು ಹವಳಕ್ಕೆ ಸಲ್ಲುವುದಿಲ್ಲ ಅಂತಲೇ ಲೆಕ್ಕ.

ಈಗ ಕೆಳಗಿನ ಮನೆಯ ಸೀಲಿಂಗ್ ಹಾಳಾದ ಆ ರಾತ್ರಿ. ದೊಡ್ಡ ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ ಒಳಗೆ ಇನ್ನೊಂದು ಸಣ್ಣ ತೊಟ್ಟಿ ಇರುತ್ತದೆ, ಅದಕ್ಕೂ ಸಂಪ್ ಅಂತಲೇ ಹೆಸರು. ಮೇಲಿನ ನೀರು ಸಂಪ್‌ಗೆ ಇಳಿದು ಸೋಸಿಕೊಂಡು, ಪಂಪ್‌ನಿಂದ ಮತ್ತೆ ಮೇಲೆ ಹೋಗುತ್ತದೆ. ಮಳೆ ಜೋರಿತ್ತು, ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು. ಇನ್ವರ್ಟರ್‌ಗೆ ಪಂಪ್ ಕೊಟ್ಟಿರಲಿಲ್ಲ. ಪಂಪ್ ನಿಂತಿತು. ನೀರು ಮೇಲೆ ಹಾಕುವ ಪೈಪಿನ ಬಾಯಿ ಟ್ಯಾಂಕಿನೊಳಗೆ ನಾಲ್ಕು ಇಂಚು ಮುಳುಗಿತ್ತು. ಡ್ರಮ್‌ನಿಂದ ಸೀಮೆಎಣ್ಣೆ ನಳಿಗೆ ಹಚ್ಚಿ ಎಳೆಯುತ್ತಿದ್ದರಲ್ಲ, ಹಾಗೆ ಅದೇ ಪೈಪಿನಲ್ಲಿ ನೀರು ತಿರುಗಿ ಕೆಳಗೆ ಇಳಿಯತೊಡಗಿತು. ನಾಲ್ಕು ಇಂಚು ಅಂದರೆ ಈ ಅಳತೆಯ ಟ್ಯಾಂಕಿನಲ್ಲಿ 90 ಲೀಟರಿಗೂ ಜಾಸ್ತಿ. ಸಂಪ್‌ನಲ್ಲಿ ಖಾಲಿ ಇದ್ದದ್ದು ಮೂವತ್ತು ಲೀಟರ್ ಜಾಗ.

ಕಾಲಿಗೆ ನೀರು ತಾಗಿ ಎಚ್ಚರವಾದ ಹೆಂಡತಿ ನನ್ನನ್ನು ಎಬ್ಬಿಸಿದಳು. ಮೊಬೈಲ್ ಬೆಳಕಿನಲ್ಲಿ ನೋಡಿ ನಾನು ಕಿರುಚಿದೆ, "ಸಂಪ್ ತುಂಬಿ ಹರಿಯಾಕತ್ತೈತಿ!"

ಒಳಗಿನ ಖೋಲಿಯಿಂದ ಅವ್ವನ ದನಿ ಬಂತು. "ನೀರ ಬಿಟ್ರೇನು? ತಡಿ, ಕೊಡ ತರ್ತೀನಿ."

ವಾರದ ನೀರಿಗೆ ಕಾದು ಕೂತ ಜೀವ. ಎರಡು ಕೊಡ ಹಿಡಿದುಕೊಂಡೇ ಹಾಲಿಗೆ ಬಂದಳು. ಒಂದು ಕೊಡ ತುಂಬಿ ದೇವರ ಮನೆಗೆ ಒಯ್ಯುವ ಹೊತ್ತಿಗೆ ನಾನು ತಡೆದೆ. ಆಮೇಲೆ ಆ ಕೊಡ ಎಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರೂ ಅವಳಿಗೆ ಸಮಾಧಾನ ಇಲ್ಲ.

ಕ್ಯಾಬಿನೆಟ್ ನೆಲದ ಮೇಲೆಯೇ ಎಕ್ಸ್‌ಟೆನ್ಶನ್ ಬೋರ್ಡ್ ಇಟ್ಟಿದ್ದರು. ಉಪ್ಪುನೀರು ಅದರೊಳಗೆ ಹೋಗಿ, ಕರೆಂಟ್ ಬಂದ ಕೂಡಲೇ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಬಿತ್ತು. ಅದು ಇಲ್ಲದಿದ್ದರೆ ಒದ್ದೆ ನೆಲದ ಮೇಲೆ ಮೂರು ಜನ ನಿಂತಿದ್ದೆವು. ಬೋರ್ಡ್ ಗೋಡೆಗೆ ಎತ್ತರದಲ್ಲಿ ಇರಲಿ. ವೈರ್ ಕೆಳಗೆ ಜೋತು ಮತ್ತೆ ಮೇಲೇರಿ ಪ್ಲಗ್‌ಗೆ ಹೋಗಲಿ, ಆಗ ವೈರ್ ಹಿಡಿದು ಇಳಿಯುವ ಹನಿ ತಗ್ಗಿನಲ್ಲೇ ಉದುರಿ ಬೀಳುತ್ತದೆ. ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಕೊರೆದಿದ್ದರೆ ಗಾಳಿ ಎಳೆದುಕೊಂಡು ನೀರು ಅಲ್ಲಿಗೇ ನಿಲ್ಲುತ್ತಿತ್ತು. ಒಂದು ತೂತು!

ಚೌತಿಗೆ ಅತ್ತೆಯ ಮಗ ಬಂದ. ಶಿರಸಿಯಲ್ಲಿ ಅರಣ್ಯ ವಿಷಯ ಓದಿದವನು. ಸತ್ತ ಹವಳವನ್ನು ನಾನು ಶೋಕೇಸ್‌ನಲ್ಲಿ ಇಟ್ಟಿದ್ದೆ. ನೋಡಿದವನೇ ಕಡುಬು ಕೆಳಗಿಟ್ಟ. "ಮಾಮಾ, ಇದರ ಬಿಲ್ ಎಲ್ಲೈತಿ?" ಬಿಲ್ ಇರಲಿಲ್ಲ. ಕೇಳಿದರೂ ಕೊಟ್ಟಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಬಂಡೆ ಕಟ್ಟುವ ಹವಳಗಳೆಲ್ಲ ಇವೆ. ಸೀ ಫ್ಯಾನ್, ಕಡಲ ಕುದುರೆಯೂ ಇವೆ. ನಮ್ಮ ಸಮುದ್ರದಿಂದ ತೆಗೆದ ಹವಳ ಜೀವಂತ ಇರಲಿ, ಸತ್ತಿರಲಿ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಶಿಕ್ಷೆ ಮೂರರಿಂದ ಏಳು ವರ್ಷ, ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಹವಳದ ಬಂಡೆ ಒಡೆದು ತಂದ ಲೈವ್ ರಾಕ್‌ಗೂ ಅದೇ ಭಯ. "ಇಂಪೋರ್ಟೆಡ್ ಮಾಲು ಅದ್ರಿ" ಅಂದರೆ ಕಾಗದ ಕೈಗೆ ಕೊಡಿ ಅನ್ನಿ. ನಾನು ಎಲ್ಲವನ್ನೂ ಬಕೆಟ್‌ಗೆ ತುಂಬಿ ಅರಣ್ಯ ಇಲಾಖೆಗೆ ಒಯ್ದು ಒಪ್ಪಿಸಿದೆ. ಹೇಳಿಕೆ ಬರೆದುಕೊಡುವಾಗ ಬೆವರು ಕಾಗದದ ಮೇಲೆ ಬಿತ್ತು.

ಬೇಸಿಗೆಯ ಕಷ್ಟ ನಾನು ನೋಡಲೇ ಇಲ್ಲ, ಅಲ್ಲಿಯ ತನಕ ಟ್ಯಾಂಕ್ ಉಳಿದಿದ್ದರೆ ತಾನೆ? ಹವಳಕ್ಕೆ 24ರಿಂದ 27 ಡಿಗ್ರಿ ಬೇಕು. ಏಪ್ರಿಲ್‌ನಲ್ಲಿ ನಮ್ಮ ಹಾಲ್ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಚಿಲ್ಲರ್ ಬೇಕೇ ಬೇಕು, ಅದು ನೀರಿನ ಬಿಸಿಯನ್ನು ತಂದು ನಿಮ್ಮ ಹಾಲಿಗೇ ಬಿಡುತ್ತದೆ. ಲೈಟು, ಪಂಪು, ಚಿಲ್ಲರ್ ಸೇರಿ ತಿಂಗಳಿಗೆ 200 ಯೂನಿಟ್ ಮೇಲೆ ಹಿಡಿದುಕೊಳ್ಳಿ. ಆವಿಯಾಗಿ ನೀರು ಇಳಿದರೆ ಉಪ್ಪಿಲ್ಲದ ಆರ್‌ಒ ನೀರನ್ನೇ ಹಾಕಿ. ಆವಿಯಾಗುವುದು ನೀರು, ಉಪ್ಪು ಒಳಗೇ ಉಳಿಯುತ್ತದೆ. ನಾನು ಉಪ್ಪುನೀರನ್ನೇ ಸುರಿಯುತ್ತಿದ್ದೆ.

ಹನ್ನೊಂದರಲ್ಲಿ ಒಂದು ಕ್ಲೌನ್ ಉಳಿಯಿತು. ಹೇಗೆ ಉಳಿಯಿತೋ ಗೊತ್ತಿಲ್ಲ. ಪಕ್ಕದೂರಿನ ಒಬ್ಬ ಹವ್ಯಾಸಿಯ ಟ್ಯಾಂಕಿನಲ್ಲಿ ಎರಡು ತಿಂಗಳು ಇಟ್ಟು ಬಂದೆ. ಅಷ್ಟರಲ್ಲಿ ಮೂರು ಅಡಿಯ ಹೊಸ ಟ್ಯಾಂಕ್ ತಂದು, ಮೀನಿಲ್ಲದೆ ಏಳು ವಾರ ಓಡಿಸಿ, ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಅದನ್ನು ಬಿಟ್ಟೆ. ಅದಕ್ಕೆ ಜೊತೆ ಕೊಂಡದ್ದು ಹ್ಯಾಚರಿಯಲ್ಲಿ ಹುಟ್ಟಿದ ಮರಿ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರ ಸರ್ಕಾರದ ಸಮುದ್ರ ಮೀನು ಸಂಶೋಧನಾ ಕೇಂದ್ರದವರೇ ಕ್ಲೌನ್ ಮರಿ ಮಾಡಿಸಿ ತೋರಿಸಿದ್ದಾರೆ, ಸಮುದ್ರದಿಂದ ಹಿಡಿದದ್ದೇ ಬೇಕು ಅಂತಿಲ್ಲ. ಹವಳ ಇಲ್ಲ. ಬರೀ ಕಲ್ಲು.

ಪ್ರತಿ ಭಾನುವಾರ ಬೆಳಗ್ಗೆ ಪಂಪ್ ಸ್ವಿಚ್ ಆರಿಸಿ ಹತ್ತು ನಿಮಿಷ ನೋಡುತ್ತೇನೆ, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ. ಮೊನ್ನೆ ಹೆಂಡತಿ ಅಡುಗೆಮನೆಯಿಂದ, "ಸಂಪ್ ತುಂಬಿತೇನ್ರಿ?" ಅಂದಳು. ಕಟ್ಟೆಯ ಮೇಲೆ ಕೂತ ಅವ್ವ ಏಳಲಿಲ್ಲ. ತಿರುಗಿ ನೋಡದೇ ಕೇಳಿದಳು, "ಯಾವ ಸಂಪ್?"